ಕಪ್ಪು ಪರದೆಯ ಬಿಳಿ ಗೆರೆ

ಮೊನ್ನೆ ಅಟ್ಟ ಖಾಲಿ ಮಾಡುವಾಗ ಹಳೆಯ ರಜಾಯಿಯೊಂದರ ಕೆಳಗಿನಿಂದ ಒಂದು ಪೆಡಲು ಹೊರಬಂತು. ಕರಿಯದು, ಅಂಗೈಗಿಂತ ಸ್ವಲ್ಪ ದೊಡ್ಡದು, ಹಿಂದೆ ಉದ್ದಕ್ಕೆ ಒಂದು ವೈರು. ರದ್ದಿ ಒಯ್ಯಲು ಬಂದಿದ್ದವನು ಅದನ್ನು ತಿರುವಿ ಮುರುವಿ ನೋಡಿ, ಹೊಲಿಗೆ ಯಂತ್ರದ್ದೇ ಎಂದು ಮರಾಠಿಯಲ್ಲಿ ಕೇಳಿದ. ಅಲ್ಲಪ್ಪ, ಕಂಪ್ಯೂಟರಿನದು ಎಂದೆ. ಕಂಪ್ಯೂಟರನ್ನು ಕಾಲಲ್ಲಿ ತುಳಿದು ಓಡಿಸುತ್ತಿದ್ದೆವು ಎನ್ನುವ ಮುದುಕನ ಹತ್ತಿರ ಹೆಚ್ಚು ಮಾತು ಬೇಡವೆಂದು ಅವನು ಅದನ್ನು ಮೆಲ್ಲಗೆ ಕೆಳಗಿಟ್ಟು ಪೇಪರು ಕಟ್ಟತೊಡಗಿದ. ನಾನು ಮಾತ್ರ ಅದನ್ನು ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷದ ಹಿಂದಿನ ಸಿಟ್ಟು ಹಾಗೇ ಹೊಸದಾಗಿ ನೆತ್ತಿಗೇರಿತು ನೋಡಿ.

ಸಿಟ್ಟು ಪೆಡಲಿನ ಮೇಲಲ್ಲ. ಪಾಪ, ಅದು ಒಂದು ದಿನವೂ ಕೈಕೊಟ್ಟದ್ದಿಲ್ಲ. ಸಿಟ್ಟು ಅದನ್ನು ಜೋಡಿಸಿದ್ದ ಯಂತ್ರದ ಮೇಲೆ. ಈಗಿನವರಿಗೆ ಇದನ್ನು ಹೇಳಿ ಅರ್ಥ ಮಾಡಿಸುವುದೇ ಕಷ್ಟ. ಮೊಬೈಲು ಮುಟ್ಟಿದ ಕೂಡಲೇ ತೆರೆಯದಿದ್ದರೆ ನನ್ನ ಮೊಮ್ಮಗಳು ನೆಲಕ್ಕೆ ಕಾಲು ಬಡಿಯುತ್ತಾಳೆ. ಅವಳನ್ನು ಆ ಕಾಲದ ನಮ್ಮ ಕಂಪ್ಯೂಟರಿನ ಮುಂದೆ ಒಂದು ಬೆಳಗ್ಗೆ ಕೂರಿಸಿದ್ದರೆ ಎದ್ದು ಸನ್ಯಾಸ ತೆಗೆದುಕೊಳ್ಳುತ್ತಿದ್ದಳು.

ಆಗ ನಾವು ಪುಣೆಯ ನಗರ ರಸ್ತೆಯ ಚಂದನನಗರದಲ್ಲಿ ಎರಡು ಕೋಣೆಯ ಬ್ಲಾಕಿನಲ್ಲಿದ್ದೆವು. ನನಗೆ ರಾಂಜಣಗಾಂವದ ಒಂದು ಕಾರಖಾನೆಯಲ್ಲಿ ಕೆಲಸ. ಕಂಪನಿಯ ಬಸ್ಸು ನಸುಕಿನಲ್ಲೇ ಬಂದು ಹಾರ್ನು ಹೊಡೆಯುತ್ತಿತ್ತು. ಮನೆಯಲ್ಲಿ ನಾನು, ಹೆಂಡತಿ ಸುನಂದಾ, ಮತ್ತು ಭಾಲ್ಕಿಯಿಂದ ಬಂದು ನಮ್ಮೊಡನೆ ನೆಲೆಸಿದ್ದ ನನ್ನ ಅವ್ವ. ಮಗಳೂ ಇದ್ದಳು, ಆದರೆ ಈ ಪ್ರಸಂಗದಲ್ಲಿ ಅವಳಿಗೆ ಪಾತ್ರವಿಲ್ಲ. ಇದೆಲ್ಲ ನಡೆಯುವ ಹೊತ್ತಿಗೆ ಅವಳು ಮುಸುಕೆಳೆದು ಮಲಗಿರುತ್ತಿದ್ದಳು.

ಸುನಂದಾ ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಕಪ್ಪೆಯ ಎದೆ ಬಿಚ್ಚಿ ಹೃದಯದ ಕೋಣೆಗಳನ್ನು ತೋರಿಸಬಲ್ಲವಳು, ನನ್ನನ್ನು ಕಟ್ಟಿಕೊಂಡ ಮೇಲೆ ಬರೀ ಹೀರೇಕಾಯಿ ಹೆಚ್ಚುತ್ತ ಬಂದಿದ್ದಳು. ಅಂಥವಳಿಗೆ ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಟಿಪ್ಪಣಿಯನ್ನು ಕೈಯಲ್ಲಿ ಬರೆಯದೆ ಬಾಯಲ್ಲಿ ಹೇಳಿಬಿಡುತ್ತಾರಂತೆ. ಆ ಧ್ವನಿ ಇಂಟರ್‌ನೆಟ್ಟಿನಲ್ಲಿ ಪುಣೆಗೆ ಬರುತ್ತದೆ, ಮನೆಯಲ್ಲಿ ಕೂತ ಹೆಂಗಸರು ಕೇಳಿ ಟೈಪು ಮಾಡಿ ಕಳಿಸುತ್ತಾರೆ. ಕಿವಿಗೆ ಹೆಡ್‌ಫೋನು, ಬೆರಳು ಕೀಲಿಮಣೆಯ ಮೇಲೆ, ಕಾಲು ಪೆಡಲಿನ ಮೇಲೆ. ತುಳಿದರೆ ಡಾಕ್ಟರು ಮಾತಾಡಬೇಕು, ಬಿಟ್ಟರೆ ಬಾಯಿ ಮುಚ್ಚಬೇಕು. ಅಷ್ಟು ದೂರದ ಡಾಕ್ಟರನ್ನು ಸೊಸೆ ಕಾಲ ತುದಿಯಲ್ಲಿ ಆಡಿಸುವುದನ್ನು ಕಂಡು ಅವ್ವನಿಗೆ ಪರಮಾನಂದ. ನೆರೆಯವರನ್ನು ಕರೆದು ತಂದು ಬಾಗಿಲಲ್ಲಿ ನಿಲ್ಲಿಸಿ ತೋರಿಸುತ್ತಿದ್ದಳು.

ಆದರೆ ಆ ಆಫೀಸಿನದು ಒಂದು ಕಟ್ಟುನಿಟ್ಟು. ಬೆಳಗ್ಗೆ ಐದಕ್ಕೆ ಇಂಟರ್‌ನೆಟ್ಟಿನಲ್ಲಿ ಹಾಜರಿ ಹಾಕಬೇಕು. ಹಾಕಿದವರಿಗೆ ಕೆಲಸ, ತಡವಾದವರ ಪಾಲಿನದು ಬೇರೆಯವರಿಗೆ. ಸುನಂದಾ ಇನ್ನೂ ಪರೀಕ್ಷೆಯ ಅವಧಿಯಲ್ಲಿದ್ದಳು, ಮೇಲಿಂದ ಮೇಲೆ ತಡವಾದರೆ ಮನೆಗೆ ಹೋಗು ಎನ್ನುತ್ತಾರೆ. ಈಗಾಗಲೇ ಮನೆಯಲ್ಲೇ ಇದ್ದವಳಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂಬುದು ನಿಮಗೆ ತಿಳಿಯಬೇಕು. ಈ ಕೆಲಸ ಹೋದರೆ ನಮ್ಮ ಒಲೆ ಆರುತ್ತಿರಲಿಲ್ಲ. ಆದರೆ ಅವಳು ಓದಿದ್ದನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಯಾರೋ ಬೇಕೆಂದು ಕೇಳಿದ್ದರು. ಆ ಕೆಲಸ ಹಿಡಿದ ಮೇಲೆ ಅವಳು ನಡೆಯುವ ರೀತಿಯೇ ಬೇರೆಯಾಗಿತ್ತು. ಅದು ಎಲ್ಲಿ ಹೋಗಿಬಿಡುತ್ತದೋ ಎಂದು ನನಗೂ ಭಯವಿತ್ತು.

ಇಂಥ ಹೊತ್ತಿನಲ್ಲೇ ಕಂಪ್ಯೂಟರಿಗೆ ವೈರಸ್ಸು ಹೊಕ್ಕಿತು. ನಮ್ಮ ಕಟ್ಟಡದ ಎದುರು ದೇಶಪಾಂಡೆಯವರ ಅಂಗಡಿ. ಮೊದಲು ಟೀವಿ ರಿಪೇರಿ ಮಾಡುತ್ತಿದ್ದವರು, ಕಾಲ ಬದಲಾದಾಗ ಬೋರ್ಡನ್ನೂ ಬದಲಿಸಿ ಕಂಪ್ಯೂಟರಿಗೆ ಇಳಿದಿದ್ದರು. ಅವರಿಗೆ ಗೊತ್ತಿದ್ದ ಔಷಧ ಒಂದೇ, ಅದರ ಹೆಸರು ಫಾರ್ಮ್ಯಾಟು. ಪರದೆ ಮಂಕಾದರೂ ಫಾರ್ಮ್ಯಾಟು, ಪ್ರಿಂಟರು ಕೆಮ್ಮಿದರೂ ಫಾರ್ಮ್ಯಾಟು. ಒಂದು ಸಂಜೆ ಬಂದು ತಮ್ಮ ಸಿಡಿ ಹಾಕಿ, ಇದ್ದದ್ದೆಲ್ಲ ಒರೆಸಿ, ಆಪರೇಟಿಂಗ್ ಸಿಸ್ಟಮನ್ನು ಮತ್ತೆ ಹೊಸದಾಗಿ ತುಂಬಿ, ಸಿಡಿ ತೆಗೆದು ಜೇಬಿಗಿಳಿಸಿ, "ಆತಾ ನವೀನ ಮಶೀನ ಝಾಲಂ!" ಎಂದು ಕೈ ಕೊಡವಿದರು. ಈಗ ಇದು ಹೊಸ ಯಂತ್ರವೇ ಆಯಿತು ಎಂದರ್ಥ. ನಾವು ನಂಬಿದೆವು.

ಮರುದಿನ ಬೆಳಗ್ಗೆ ಸುನಂದಾ ಗುಂಡಿ ಒತ್ತಿದಳು. ಫ್ಯಾನು ಸದ್ದು ಮಾಡಿತು. ಪರದೆ ಕಪ್ಪಗಾಯಿತು. ಎಡಮೂಲೆಯಲ್ಲಿ ಒಂದು ಪುಟ್ಟ ಬಿಳಿ ಗೆರೆ ಮಿಣುಕತೊಡಗಿತು. ಅಷ್ಟೆ. ನಾನು ದಾಡಿ ಮಾಡಿಕೊಂಡು, ಸ್ನಾನ ಮುಗಿಸಿ, ಅಂಗಿಯ ಗುಂಡಿ ಹಾಕಿಕೊಂಡು ಬಂದರೂ ಗೆರೆ ಅಲ್ಲೇ ಇತ್ತು.

"ರೀ, ಇದು ಹ್ಯಾಂಗಿತ್ತೋ ಹಾಂಗೇ ಕುಂತದ ನೋಡ್ರಿ," ಎಂದಳು ಸುನಂದಾ.

"ಹೊಸಾದ ಅದ, ಒಂದಿಷ್ಟ ಹೊತ್ತ ಹಿಡೀತದ," ಎಂದು ದೊಡ್ಡ ಜ್ಞಾನಿಯಂತೆ ಹೇಳಿ ನಾನು ಬಸ್ಸಿಗೆ ಓಡಿದೆ.

ಕಾಯುವುದು ನಮಗೇನು ಹೊಸದಲ್ಲ. ಭಾಲ್ಕಿಯ ಮನೆಯಲ್ಲಿ ಅಪ್ಪನದೊಂದು ವಾಲ್ವಿನ ರೇಡಿಯೋ ಇತ್ತು. ಗುಂಡಿ ತಿರುಗಿಸಿದರೆ ಅದಕ್ಕೆ ತಕ್ಷಣ ದನಿ ಬರುತ್ತಿರಲಿಲ್ಲ. ಒಳಗಿನ ಹಸಿರು ದೀಪ ಮೊದಲು ಮಸುಕಾಗಿ, ಆಮೇಲೆ ತಿಳಿಯಾಗಿ ಬೆಳಗಬೇಕು, ಪೆಟ್ಟಿಗೆ ಬೆಚ್ಚಗಾಗಬೇಕು, ಆಗ ಎಲ್ಲೋ ದೂರದಿಂದ ಮಾತು ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ವಾರ್ತೆಯ ಮುಖ್ಯಾಂಶಗಳು ಮುಗಿದಿರುತ್ತಿದ್ದವು. ಅಪ್ಪ ಅವನ್ನು ಎದುರುಮನೆಯವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಆದರೂ ಆ ರೇಡಿಯೋದ ಮೇಲೆ ಯಾರಿಗೂ ಬೇಸರವಿರಲಿಲ್ಲ. ಬರುತ್ತಿದ್ದೇನೆ, ಬರುತ್ತಿದ್ದೇನೆ ಎಂದು ಆ ಹಸಿರು ದೀಪ ಹೇಳುತ್ತಿತ್ತಲ್ಲ. ಈ ಬಿಳಿ ಗೆರೆ ಬರುತ್ತೇನೆಂದೂ ಹೇಳುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ. ಸರಕಾರಿ ಕಚೇರಿಯ ಕಿಟಕಿಯ ಹಿಂದಿನ ಗುಮಾಸ್ತನಂತೆ ಸುಮ್ಮನೆ ಕಣ್ಣು ಪಿಳುಕಿಸುತ್ತದೆ. ಅದನ್ನು ನೋಡುತ್ತ ಕೂತರೆ ಸಾಧುವಿಗೂ ಕೈ ಎತ್ತಬೇಕೆನ್ನಿಸುತ್ತದೆ.

ಸಂಜೆ ದೇಶಪಾಂಡೆಯವರನ್ನು ಕರೆದೆ. ಅವರು ಬಂದರು, ಚಾಲೂ ಇದ್ದ ಯಂತ್ರದ ಮುಂದೆ ಕೂತು ಡ್ರೈವಿನ ತಟ್ಟೆ ಹೊರಗೆಳೆದು ತಮ್ಮ ಸಿಡಿ ಹಾಕಿದರು, ಏನೇನೋ ತಪಾಸಣೆ ಮಾಡಿದರು, ಸಿಡಿ ತೆಗೆದರು, ಮತ್ತೆ ಚಾಲೂ ಮಾಡಿದರು. ಯಂತ್ರ ಚಕ್ಕನೆ ಎದ್ದು ಕೂತಿತು. ಮೇಷ್ಟ್ರ ಮುಂದೆ ಮಾತ್ರ ಪಾಠ ಒಪ್ಪಿಸುವ ಹುಡುಗನ ಹಾಗೆ. "ಕುಠೇ ಸ್ಲೋ ಆಹೇ?" ಎಂದು ಅವರು ನನ್ನನ್ನಲ್ಲ, ಸುನಂದಾಳನ್ನು ನೋಡಿದರು. ಎಲ್ಲಿ ನಿಧಾನವಿದೆ, ಹೆಂಗಸರು ಅವಸರ ಮಾಡುತ್ತಾರೆ ಎಂಬ ಧಾಟಿ. ಮರುದಿನ ಬೆಳಗ್ಗೆ ಮತ್ತೆ ಅದೇ ಗೆರೆ.

ಅಲ್ಲಿಂದ ಶುರುವಾಯಿತು ನನ್ನ ವೈದ್ಯವೃತ್ತಿ. ಕಾರಖಾನೆಯಲ್ಲಿ ಪ್ರತಿಯೊಬ್ಬನೂ ಕಂಪ್ಯೂಟರಿನ ಪಂಡಿತ. ಒಬ್ಬ ಹೇಳಿದ, ಯಂತ್ರ ಏಳುವಾಗ ನೂರೆಂಟು ಕೆಲಸ ತಲೆಯ ಮೇಲೆ ಹೊತ್ತು ಏಳುತ್ತದೆ, ಒಂದು ಪಟ್ಟಿಯಲ್ಲಿ ಅವುಗಳ ಗುರುತು ತೆಗೆದುಬಿಡಿ ಎಂದು. ನಾನು ಉತ್ಸಾಹದಲ್ಲಿ ಎಲ್ಲ ಗುರುತನ್ನೂ ತೆಗೆದೆ. ಮರುದಿನ ಕಂಪ್ಯೂಟರಿಗೆ ದನಿಯೇ ಹೋಗಿತ್ತು. ಸುನಂದಾ ಪೆಡಲು ತುಳಿದದ್ದೇ ತುಳಿದದ್ದು, ಅಮೆರಿಕದ ಡಾಕ್ಟರರೆಲ್ಲ ಮೂಕರಾಗಿದ್ದರು. ಇನ್ನೊಬ್ಬ ಡಿಸ್ಕು ಚೆಲ್ಲಾಪಿಲ್ಲಿಯಾಗಿದೆ, ಒಪ್ಪ ಮಾಡಿಸಿ ಎಂದ. ಗುರುವಾರ ನನಗೆ ರಜೆ. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಒಂದೊಂದಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು ನಾನೂ ಅವ್ವನೂ ಊಟದ ತಟ್ಟೆ ಹಿಡಿದುಕೊಂಡು ಧಾರಾವಾಹಿಯಂತೆ ನೋಡಿದೆವು. ಕೆಂಪು ಚೌಕವೊಂದು ಜಾಗ ಬಿಟ್ಟು ಕದಲದಿದ್ದಾಗ ಅವ್ವ "ಅದು ಭಾಳ ಹಟಮಾರಿ ಅದ," ಎಂದು ಅದರ ಸ್ವಭಾವ ವಿಶ್ಲೇಷಿಸಿದಳು. ಮೂರನೆಯವನು ಮೇಜು ಪೂರ್ವಕ್ಕೆ ತಿರುಗಿಸಿ ಎಂದ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು ಎಂದು ಅವನಿಗೆ ಮುಖ ಮುರಿದು ಹೇಳಿ, ಮನೆಗೆ ಬಂದು ಮೇಜು ತಿರುಗಿಸಿದೆ.

ಮಜಾ ಏನೆಂದರೆ ಒಂದೊಂದು ದಿನ ಗೆರೆ ಬೇಗನೆ ಸೋತು ದಾರಿ ಬಿಟ್ಟುಬಿಡುತ್ತಿತ್ತು. ಆಗ ನಾವು ಹಿಂದಿನ ದಿನದ ಔಷಧವೇ ನಾಟಿತೆಂದು ಹಿಗ್ಗುತ್ತಿದ್ದೆವು. ನಾನಂತೂ ಮೇಜು ಪೂರ್ವಕ್ಕೆ ತಿರುಗಿಸಿದ ಸಂಗತಿಯನ್ನು ಬಸ್ಸಿನಲ್ಲಿ ಇನ್ನಿಬ್ಬರಿಗೆ ಉಪದೇಶ ಮಾಡಿದೆ. ಅದರ ಮರುದಿನ ಗೆರೆ ಮೊದಲಿಗಿಂತ ಜಿದ್ದಿನಿಂದ ಕೂತಿತು, ಆರಿಸಿ ಮತ್ತೆ ಹೊತ್ತಿಸಿದರೂ ಕದಲಲಿಲ್ಲ. ದೇಶಪಾಂಡೆ ಮತ್ತೆ ಬಂದರು, ಮತ್ತೆ ಫಾರ್ಮ್ಯಾಟು ಮಾಡಿದರು, ಯಂತ್ರ ಮತ್ತೆ ಅವರ ಮುಂದೆ ಸಭ್ಯನಾಯಿತು.

ರಾತ್ರಿ ಆರಿಸದೆ ಹಾಗೇ ಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ಬಿಟ್ಟು ನೋಡಿದೆವು. ನಮ್ಮ ಭಾಗದಲ್ಲಿ ಕರೆಂಟು ಬೆಳಗಾಗುವುದರೊಳಗೆ ಒಮ್ಮೆಯಾದರೂ ಹೋಗಿ ಬರದಿದ್ದರೆ ಅದಕ್ಕೂ ಸಮಾಧಾನವಿರುತ್ತಿರಲಿಲ್ಲ. ಕೊನೆಗೆ ಸುನಂದಾ ಐದರ ಹಾಜರಿಗೆ ನಾಲ್ಕಕ್ಕೆ ಎದ್ದು ಗುಂಡಿ ಒತ್ತತೊಡಗಿದಳು. ಕಣ್ಣ ಕೆಳಗೆ ಕಪ್ಪಾಯಿತು. ಆದರೂ ವಾರದಲ್ಲಿ ಎರಡು ದಿನ ತಡವಾಗುತ್ತಿತ್ತು. ಆಫೀಸಿಗೆ ಫೋನು ಮಾಡಿ ಮಶೀನು ಚಾಲೂ ಆಗಲಿಲ್ಲ ಎಂದು ಹೇಳುವಾಗ ಅವಳ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ನಾನು ದೇಶಪಾಂಡೆಯನ್ನು ಬೈದೆ, ಕರೆಂಟಿನವರನ್ನು ಬೈದೆ, ಒಂದು ದಿನ ಯಂತ್ರದ ತಲೆಯ ಮೇಲೆ ಕೈಯಿಂದ ಬಡಿದೆ. ಹಳೆಯ ಟೀವಿಗೆ ಇದು ಉಪಯೋಗವಾಗುತ್ತಿತ್ತು.

ಅವ್ವ ಮಾತ್ರ ಒಂದು ದಿನವೂ ಯಂತ್ರಕ್ಕೆ ಕೆಟ್ಟ ಮಾತಾಡಲಿಲ್ಲ. "ಬಯ್ಯಬ್ಯಾಡೋ ತಮ್ಮಾ, ಆಕಿ ದುಡಿಯೋ ಸಾಮಾನದು," ಎಂದು ನನ್ನನ್ನೇ ಗದರಿ, ಸುನಂದಾ ಕೆಲಸ ಮುಗಿಸಿ ಎದ್ದ ಮೇಲೆ ತಾನೇ ಅದರ ಧೂಳು ಒರೆಸಿ ಕಸೂತಿಯ ಬಟ್ಟೆ ಹೊದಿಸುತ್ತಿದ್ದಳು.

ಆಫೀಸಿನ ಮುಖ್ಯಸ್ಥೆ ಪರಾಂಜಪೆ ಮ್ಯಾಡಮ್. ಒಂದು ಬುಧವಾರ ಅವರದೇ ಫೋನು ಬಂತು. ನಾನು ಆಗಷ್ಟೇ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದೆ. ಸುನಂದಾ ನಿಂತೇ ಕೇಳಿದಳು. ಈ ಕಡೆಯಿಂದ "ಹೋ ಮ್ಯಾಡಮ್, ಹೋ ಮ್ಯಾಡಮ್" ಎಂದು ಮರಾಠಿಯಲ್ಲಿ ಹೌದು ಹೌದು ಎಂಬ ಎರಡೇ ಮಾತು. ಫೋನು ಇಟ್ಟ ಮೇಲೆ, "ನಾಳಿಂದ ಕೆಲಸಕ್ಕ ಕೂಡಬ್ಯಾಡ ಅಂದ್ರು," ಎಂದಳು. ಹೆಡ್‌ಫೋನಿನ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಡಬ್ಬಿಯಲ್ಲಿಟ್ಟು ಅಡುಗೆಮನೆಗೆ ಹೋದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೂ ಏನಾದರೂ ಸಮಾಧಾನ ಹೇಳಲು ಬರುತ್ತಿತ್ತು. ಆ ಸಂಜೆ ಮನೆಯಲ್ಲಿ ಯಾರೂ ಟೀವಿ ಹಚ್ಚಲಿಲ್ಲ.

ಮರುದಿನ ಗುರುವಾರ, ನನಗೆ ರಜೆ. ಬೆಳಕು ಹರಿಯುವ ಮೊದಲೇ ಎದ್ದು ಯಂತ್ರ ಚಾಲೂ ಮಾಡಿದೆ.

"ಇನ್ನ ಯಾಕ್ರಿ ಅದು? ಬಿಡ್ರಿ," ಎಂದಳು ಸುನಂದಾ, ಮಲಗಿದಲ್ಲಿಂದಲೇ.

"ನಾ ಬಿಡಂಗಿಲ್ಲ ಇದನ್ನ," ಎಂದೆ. ಕೆಲಸ ಹೋದರೇನು, ನನ್ನ ಜಗಳ ಮುಗಿದಿರಲಿಲ್ಲ.

ಗೆರೆ ಮಿಣುಕುತ್ತಿತ್ತು. ನಾನು ನೆಲದ ಮೇಲೆ ಒರಗಿ ಪೆಟ್ಟಿಗೆಗೆ ಕಿವಿ ಹಚ್ಚಿದೆ. ಇಷ್ಟು ದಿನ ಸುನಂದಾ ಪರದೆ ನೋಡುತ್ತಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ, ಪೆಟ್ಟಿಗೆಯ ಮಾತನ್ನು ಯಾರೂ ಕೇಳಿರಲಿಲ್ಲ. ಫ್ಯಾನಿನ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು. ಗರ್ ಎಂದು ತಿರುಗುವುದು, ಕಟಕಟ ಎಂದು ನಿಲ್ಲುವುದು, ಮತ್ತೆ ಗರ್ ಎನ್ನುವುದು. ಸದ್ದು ಬರುತ್ತಿದ್ದುದು ಮೇಲಿನಿಂದ, ಸಿಡಿ ಹಾಕುವ ಕಡೆಯಿಂದ. ಅಲ್ಲಿನ ಸಣ್ಣ ಗುಂಡಿ ಒತ್ತಿದೆ. ಒಲ್ಲೆ ಒಲ್ಲೆ ಎನ್ನುತ್ತ ತಟ್ಟೆ ಹೊರಬಂತು. ಅದರಲ್ಲೊಂದು ಸಿಡಿ.

ಅದು ನಮ್ಮ ಮನೆಯದೇ ದೇವರ ಪದಗಳ ಸಿಡಿ. ಮೈತುಂಬ ಗೀರು. ಮೊದಲ ಪದದ ಎರಡನೇ ಸಾಲಿನಲ್ಲೇ ಸಿಕ್ಕಿಕೊಂಡು ತೊದಲುತ್ತಿತ್ತೆಂದು ಎಂದೋ ಮೂಲೆಗೆ ಸೇರಿಸಿದ್ದೆವು. ಅದನ್ನು ತೆಗೆದು, ತಟ್ಟೆ ಮುಚ್ಚಿ, ಯಂತ್ರ ಆರಿಸಿ ಹೊತ್ತಿಸಿದೆ. ಗೆರೆ ಒಮ್ಮೆ ಮಿಣುಕಿ ಮಾಯವಾಯಿತು. ನಾನು ನೆಲದಿಂದ ಏಳುವಷ್ಟರಲ್ಲಿ ಪರದೆಯ ಮೇಲೆ ಹಸಿರು ಬೆಟ್ಟ, ನೀಲಿ ಆಕಾಶ ಎಲ್ಲ ಬಂದು ನಿಂತಿದ್ದವು. ಸುನಂದಾ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಇದನ್ನ ಯಾರ ಇಟ್ಟಾರ ಇದರಾಗ?" ನನ್ನ ದನಿ ಕಟ್ಟಡಕ್ಕೆಲ್ಲ ಕೇಳಿಸಿರಬೇಕು.

"ನಾನ ಇಟ್ಟೀನಿ," ಎಂದಳು ಅವ್ವ ಒಳಗಿನಿಂದ, ಏನೂ ಆಗಿಲ್ಲವೆಂಬಂತೆ.

"ಯಾಕವ್ವಾ?"

ಅವ್ವ ಹೊರಗೆ ಬಂದಳು. "ಅಂವ ದೇಶಪಾಂಡೆ ತನ್ನ ತಬಕಡಿ, ಆ ಸಿಡಿ, ತಾ ತಕ್ಕೊಂಡ, ಖಾಲಿ ತಾಟ ಹಂಗೇ ಒಳಗ ದೂಕಿ ಹೋಗಿಬಿಟ್ಟ. ಆಕಿ ಬೆಳಗಾದ್ರ ದುಡೀಲಾಕ ಕೂಡೋ ಮಶೀನದು. ಖಾಲಿ ತಾಟ ಒಳಗ ಕಳಸ್ತಾರೇನು ಯಾರರೇ? ಆಕಿ ಕೈಯಾಗಿನ ಕೆಲಸ ಖಾಲಿ ಆಗಬಾರದು ಅಂತ ಇಟ್ಟೆ. ಛಲೋದು ಸವದು ಹೋಗ್ತದ, ಇದು ಹ್ಯಾಂಗೂ ಹಾಡಂಗಿಲ್ಲ, ದೇವರ ಹೆಸರರೇ ಅದ."

"ದೇಶಪಾಂಡೆ ಬಂದಾಗ?"

"ಅಂವ ಬಂದಾಗ ತಗದು ಮೇಜಿನ ಮ್ಯಾಲ ಇಡ್ತಿದ್ದ. ಅಂವ ಹೋದಮ್ಯಾಲ ನಾ ಮತ್ತ ಇಡ್ತಿದ್ದೆ."

ಪೂರ್ತಿ ಕತೆ ಆಮೇಲೆ ತಿಳಿಯಿತು. ಆಪರೇಟಿಂಗ್ ಸಿಸ್ಟಮ್ ತುಂಬುವಾಗ ದೇಶಪಾಂಡೆ ಯಂತ್ರಕ್ಕೆ, ಏಳುವ ಮೊದಲು ಸಿಡಿಯ ತಟ್ಟೆ ನೋಡು, ಅಲ್ಲಿ ಏನೂ ಸಿಗದಿದ್ದರೆ ನಿನ್ನ ಡಿಸ್ಕಿಗೆ ಹೋಗು ಎಂದು ಹೇಳಿಟ್ಟಿದ್ದರಂತೆ. ಕೆಲಸ ಮುಗಿದ ಮೇಲೆ ಆ ಆಜ್ಞೆ ಹಿಂತೆಗೆದುಕೊಳ್ಳಲು ಮರೆತರು. ಹಾಗಾಗಿ ದಿನಾ ಬೆಳಗ್ಗೆ ನಮ್ಮ ಯಂತ್ರ ಗೀರುಬಿದ್ದ ಸಿಡಿಯಲ್ಲಿ ದೇವರ ಪದವನ್ನು ಓದಲು ಹೆಣಗಾಡುತ್ತಿತ್ತು. ದೇಶಪಾಂಡೆಯಾದರೂ ಎಂಥವರು! ಕಳ್ಳನನ್ನು ಪ್ರತಿ ಸಲ ತಮ್ಮ ಕೈಯಾರೆ ಎತ್ತಿ ಮೇಜಿನ ಮೇಲೆ ಕೂರಿಸಿ, ಕಳ್ಳ ಎಲ್ಲಿ ಎಂದು ಮನೆಯೆಲ್ಲ ಒರೆಸಿದ್ದರು.

ನಾನು ಅವ್ವನಿಗೆ ಬಾಯಿಗೆ ಬಂದಂತೆ ಮಾತಾಡಿದೆ. ಅದೇನು ಊಟದ ತಾಟಾ, ಅದೇನು ಬೀಗರ ಬುಟ್ಟಿಯಾ, ಯಂತ್ರಕ್ಕೆ ಖಾಲಿ ಏನು ತುಂಬಿದ್ದೇನು, ಎಂದೆಲ್ಲ. ಹೇಳುತ್ತ ಹೇಳುತ್ತಲೇ ನನಗೆ ಭಾಲ್ಕಿಯ ನಮ್ಮ ಓಣಿಯ ಹಿತ್ತಾಳೆ ಬಟ್ಟಲು ನೆನಪಾಗಿ ಸಿಟ್ಟಿನ ಓಟ ತಪ್ಪಿತು. ಆ ಬಟ್ಟಲು ನಮ್ಮದೋ ಪಕ್ಕದ ಗಿರಿಜಕ್ಕನದೋ ಯಾರಿಗೂ ನೆನಪಿರಲಿಲ್ಲ. ಅವರ ಮನೆಯಿಂದ ಉಪ್ಪಿನಕಾಯಿ ತುಂಬಿಕೊಂಡು ಬರುತ್ತಿತ್ತು. ಬಂದ ಬಟ್ಟಲನ್ನು ಬರಿದಾಗಿ ಕೊಡುವುದುಂಟೇ, ಶೇಂಗಾ ಚಟ್ನಿ ತುಂಬಿ ಹೋಗುತ್ತಿತ್ತು. ಅವರು ಮತ್ತೇನಾದರೂ ಹಾಕಿ ಕಳಿಸಬೇಕು. ಒಮ್ಮೆ ನೀರಿನ ನಳದ ಮೇಲೆ ಎರಡೂ ಮನೆಗೆ ಜಗಳವಾಗಿ, ಒಂದು ಇಡೀ ಮಳೆಗಾಲ ಮಾತು ನಿಂತಿತು. ಬಟ್ಟಲು ನಿಲ್ಲಲಿಲ್ಲ. ಗೋಡೆಯ ಮೇಲೆ ಇಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚೂರು ಬೆಲ್ಲ, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ. ಒಯ್ಯುವವನು ನಾನೇ ಆದ್ದರಿಂದ ಗೋಡೆ ತಲುಪುವಷ್ಟರಲ್ಲಿ ಬೆಲ್ಲ ಅರ್ಧವಾಗಿರುತ್ತಿತ್ತು. ಆ ಓಣಿಯಲ್ಲಿ ಬದುಕು ಕಳೆದವಳ ಕಣ್ಣೆದುರಿಗೆ ಬರಿದಾದ ತಟ್ಟೆ ಒಳಗೆ ಹೋದರೆ ಅವಳಿಗೆ ನಿದ್ದೆ ಹೇಗೆ ಬಂದೀತು ಹೇಳಿ. ಹಾಗಂತ ನನ್ನ ಸಿಟ್ಟು ಇಳಿಯಿತೆಂದಲ್ಲ. ಸಿಟ್ಟು ಇತ್ತು, ಯಾರ ಮೇಲೆ ಇಡುವುದೆಂದು ತಿಳಿಯದೆ ಕೈಯಲ್ಲಿ ಸಿಡಿ ಹಿಡಿದು ನಿಂತಿದ್ದೆ.

ಅವ್ವ ಸುನಂದಾಳ ಕಡೆ ತಿರುಗಿದಳು. ಅವ್ವನ ಮುಖ ಸಣ್ಣದಾಗಿತ್ತು.

"ಆ ಮ್ಯಾಡಮ್‌ಬಾಯಿ ನಿನಗ ಏನಂದಳವಾ ಫೋನಿನ್ಯಾಗ?"

"ಹೋಗ್ಲಿ ಬಿಡ್ರಿ ಅತ್ತೀ."

"ಹೇಳು."

"ಮುಂಜಾನಿ ಏಳಾಕ ಬ್ಯಾಸರ ಮಾಡ್ಕೋತೀ, ಸುಳ್ಳ ಮಶೀನಿನ ಮ್ಯಾಲ ಹಾಕ್ತೀ ಅಂದ್ರು."

ಅವ್ವ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟುಕೊಂಡು ಬಂದು ನನ್ನ ಕೈಯಿಂದ ಸಿಡಿ ಕಿತ್ತುಕೊಂಡಳು. "ನಡೀ," ಎಂದಳು ಸೊಸೆಗೆ. ಸುನಂದಾ ಬೇಡವೆಂದಳು, ನಾನೂ ಬೇಡವೆಂದೆ. ಆಫೀಸು ಎಂದರೆ ಏನು, ಮ್ಯಾಡಮ್ ಎಂದರೆ ಏನು ಎಂದು ತಿಳಿಸಿ ಹೇಳಿದೆ. ಅಷ್ಟರಲ್ಲಿ ಅವ್ವ ಚಪ್ಪಲಿ ಮೆಟ್ಟಿಕೊಂಡು ಜಿನೆಯ ಮೆಟ್ಟಿಲು ಅರ್ಧ ಇಳಿದಿದ್ದಳು.

ಕ್ಯಾಂಪಿನ ಆ ಆಫೀಸು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಬೇಕರಿ, ಮೇಲೆಲ್ಲ ಬಿಸ್ಕೀಟಿನ ವಾಸನೆ. ಸಾಲಾಗಿ ಕೂತ ಹುಡುಗಿಯರು ಹೆಡ್‌ಫೋನಿನೊಳಗಿಂದಲೇ ಅವ್ವನ ಸೀರೆ ನೋಡಿದರು. ಪರಾಂಜಪೆ ಮ್ಯಾಡಮ್ ಗಾಜಿನ ಕೋಣೆಯಲ್ಲಿದ್ದರು. ನಾನು ಬರುವ ದಾರಿಯಲ್ಲಿ ಬಸ್ಸಿನಲ್ಲಿ ಒಂದು ಇಂಗ್ಲಿಷ್ ಭಾಷಣ ತಯಾರಿಸಿಕೊಂಡಿದ್ದೆ. ಅದರ ಮೊದಲ ವಾಕ್ಯ ಅರ್ಧವಾಗುವಷ್ಟರಲ್ಲಿ ಅವ್ವ ಮುಂದೆ ಬಂದು ಸಿಡಿಯನ್ನು ಅವರ ಮೇಜಿನ ಮೇಲೆ ಇಟ್ಟಳು.

"ಹೇ ಮೀ ಠೇವಲಂ. ತಿಚೀ ಚೂಕ ನಾಹೀ," ಎಂದಳು. ಇದನ್ನು ಇಟ್ಟದ್ದು ನಾನು, ತಪ್ಪು ಅವಳದಲ್ಲ ಎಂದು. ಅವ್ವನದು ಭಾಲ್ಕಿಯ ಮರಾಠಿ. ಅದೂ ಮರಾಠಿಯೇ ಎಂದು ಒಪ್ಪಿಕೊಳ್ಳಲು ಪುಣೆಯವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಮ್ಯಾಡಮ್ ಕನ್ನಡಕ ಸರಿಮಾಡಿಕೊಂಡು, ಅಜ್ಜಿ ಇದೇನು ಎಂದರು. ಅವ್ವ ಅದೇ ಮರಾಠಿಯಲ್ಲಿ ಎಲ್ಲ ಹೇಳಿದಳು. ದೇಶಪಾಂಡೆ, ತಟ್ಟೆ, ಖಾಲಿ ಹೋಗಿದ್ದು, ತಾನು ಇಟ್ಟದ್ದು, ಮಗ ಯಂತ್ರಕ್ಕೆ ಹೊಡೆದದ್ದು ಸಹ. ಸುನಂದಾ ನೆಲ ನೋಡುತ್ತ ನಿಂತಿದ್ದಳು. ನಾನು ಗೋಡೆಯ ಕ್ಯಾಲೆಂಡರು ಓದುತ್ತಿದ್ದೆ.

ಕೇಳುತ್ತ ಕೇಳುತ್ತ ಮ್ಯಾಡಮ್ ಬಾಯಿಗೆ ಕೈ ಅಡ್ಡ ಹಿಡಿದರು. ಬರಿದಾದ ಪಾತ್ರೆ ತಿರುಗಿ ಕೊಡದಿರುವ ಪದ್ಧತಿ ಅವರ ಕಡೆಯೂ ಉಂಟಲ್ಲ. ನನ್ನ ಅತ್ತೆ ಹಾಲಿನವನ ತಂಬಿಗೆಯನ್ನೂ ಸುಮ್ಮನೆ ಕೊಡುವುದಿಲ್ಲ ಎಂದರು. ಎಂದವರೇ ತಡೆಯಲಾರದೆ ನಕ್ಕರು. ಕರೆಂಟು ಹೋಯಿತು, ಫೋನು ಸತ್ತಿತು, ವೈರಸ್ಸು ಬಂತು ಎಂಬ ನೆಪಗಳನ್ನು ದಿನಾ ಕೇಳುತ್ತೇನೆ, ಇದನ್ನು ಮಾತ್ರ ಯಾರೂ ಹುಟ್ಟಿಸಿ ಹೇಳಲಾರರು ಎಂದರು. ನಾನೂ ಬಚಾವಾದೆವೆಂದು ನಕ್ಕೆ.

ಅವ್ವ ನಗಲಿಲ್ಲ. "ನೀ ನಗತಿ ಖರೆ. ಆಕಿ ಸುಳ್ಳ ಹೇಳಿದ್ದಿಲ್ಲ ಅಂತ ಮೊದಲ ಆಕೀಗಿ ಹೇಳು," ಎಂದಳು. ಇದನ್ನು ಮರಾಠಿಯಲ್ಲಿ ಹೇಳಲು ಮರೆತು ಕನ್ನಡದಲ್ಲೇ ಹೇಳಿದ್ದಳು. ನಾನು ಅನುವಾದ ಮಾಡುವ ಧೈರ್ಯ ಮಾಡಲಿಲ್ಲ. ಮ್ಯಾಡಮ್ ಅವ್ವನ ಮುಖ ನೋಡಿದರು, ಬಗ್ಗಿದ ಸುನಂದಾಳ ತಲೆ ನೋಡಿದರು. ಅವರಿಗೆ ಭಾಷೆ ಬೇಕಾಗಲಿಲ್ಲ. ನಗು ನಿಲ್ಲಿಸಿ ಎದ್ದು ನಿಂತರು. ಸುನಂದಾತಾಯಿ ಎಂದು ಅಕ್ಕನನ್ನು ಕರೆಯುವಂತೆ ಕರೆದು, ನಾನು ಹಾಗೆ ಅನ್ನಬಾರದಿತ್ತು ಎಂದರು. ನಾಳೆ ಐದಕ್ಕೆ ಕಾಯುತ್ತೇನೆ ಎಂದರು. ಸುನಂದಾಳಿಗೆ ಆಗ ಅಳು ಬಂತು. ಹಿಂದಿನ ದಿನ ಬಾರದೆ ಉಳಿದದ್ದೂ ಸೇರಿ ಬಂತು.

ಶುಕ್ರವಾರ ಬೆಳಗ್ಗೆ ಸುನಂದಾ ಗುಂಡಿ ಒತ್ತಿದಾಗ ನಾವು ಮೂವರೂ ಪರದೆಯ ಎಡಮೂಲೆಯ ಮೇಲೇ ಕಣ್ಣಿಟ್ಟಿದ್ದೆವು. ಯಂತ್ರ ಎದ್ದಿತು. ಐದಕ್ಕೆ ಇನ್ನೂ ಹೊತ್ತಿರುವಾಗಲೇ ಹಾಜರಿ ಬಿತ್ತು. ಹೆಡ್‌ಫೋನು ಕಿವಿಗೇರಿತು, ಕಾಲು ಪೆಡಲಿಗೆ ಹೋಯಿತು. ಕಳೆದುಕೊಂಡ ದಿನಗಳದೂ ಸೇರಿ ಬಂದಂತೆ ಕೆಲಸ ಬಂದು ಬೀಳತೊಡಗಿತು. ನಾನು ಹೋಗಿಬರುತ್ತೇನೆ ಎಂದದ್ದು ಅವಳಿಗೆ ಕೇಳಿಸಲಿಲ್ಲ.

ಸಂಜೆ ನಾನು ತಿರುಗಿ ಬರುವಾಗ ಅವ್ವ ಫೋನಿನಲ್ಲಿದ್ದಳು. ಆ ಕಡೆ ಭಾಲ್ಕಿಯಲ್ಲಿ ಅವಳ ತಂಗಿ. ಎಸ್‌ಟಿಡಿಯನ್ನೇ ನಂಬದೆ ಭಾಲ್ಕಿಗೆ ನೇರವಾಗಿ ಕೇಳಿಸಲೆಂಬ ದನಿಯಲ್ಲಿ ಸೊಸೆಯ ಮೇಲೆ ದೂರು ಹೇಳುತ್ತಿದ್ದಳು. ಅಷ್ಟು ಸಂತೋಷದ ದೂರನ್ನು ನಾನು ಅವಳ ಬಾಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.

"ಏನ ಹೇಳ್ಲಿ ತಂಗೀ, ನಮ್ಮ ಸೊಸಿಗಿ ಒಂದ ಗುಟುಕು ಚಾ ಕುಡೀಲಾಕ ಸುದ್ದಾ ಪುರಸೊತ್ತಿಲ್ಲ. ಮೂರ ಸಲ ಬಿಸಿ ಮಾಡಿ ಇಟ್ಟೆ, ಮೂರೂ ಸಲ ಆರಿ ಹೋತು ನೋಡು!"